ಕಡೆಯ ಸವಾರ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಅರ್ಥವನ್ನು ತಮ್ಮ ಕಾಲುಗಳಿಂದಲೇ ಕಲಿತವರು ವಿರಳ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ನಡುವೆ ಹಬ್ಬಿರುವ ಗುಡ್ಡಗಳು ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಮಲಗಿ ಮೆಲುಕು ಹಾಕುತ್ತಿರುವ ಎಮ್ಮೆಗಳ ಸಾಲಿನಂತೆ ಸೌಮ್ಯವಾಗಿ ತೋರುತ್ತವೆ. ಅದೇ ಗುಡ್ಡಗಳ ಮೈಮೇಲಿನ ಕಾಲುದಾರಿಯಲ್ಲಿ ಬೈಸಿಕಲ್ಲನ್ನು ಹತ್ತಿಸಲು ಹೊರಟವನಿಗೆ ಮಾತ್ರ, ಆ ನುಣುಪಿನ ಒಳಗೆ ಎಷ್ಟು ಕಲ್ಲು, ಎಷ್ಟು ಮುಳ್ಳು, ಎಷ್ಟು ಕೊರಕಲು ಅಡಗಿವೆ ಎಂಬುದು ತಿಳಿಯುತ್ತದೆ. ಬೇಸಗೆಯ ಬಿಸಿಲೂ ಜೊತೆಗೂಡಿದರೆ ಆ ತಿಳಿವಳಿಕೆ ಇನ್ನಷ್ಟು ಬೇಗ ಬರುತ್ತದೆ.

ಇಂತಹ ಪ್ರಯಾಣವನ್ನು ಒಬ್ಬನೇ ಮಾಡುವವರು ಕಡಿಮೆ. ಗೆಳೆಯರು ಕೂಡಿ ಹೊರಡುತ್ತಾರೆ. ಹೊರಡುವಾಗ ಎಲ್ಲರೂ ಜೊತೆಯಲ್ಲಿರುತ್ತಾರೆ. ಮೊದಲನೆಯ ಏರು ಬಂದೊಡನೆ ಒಬ್ಬನು ಮುಂದಾಗುತ್ತಾನೆ, ಒಬ್ಬನು ಹಿಂದಾಗುತ್ತಾನೆ. ಆಗ ಒಂದು ಪ್ರಶ್ನೆ ಹುಟ್ಟುತ್ತದೆ. ಈ ಗುಂಪು ಯಾರ ವೇಗದಲ್ಲಿ ಸಾಗಬೇಕು? ಮುಂದಿನವನ ವೇಗದಲ್ಲೋ, ಹಿಂದಿನವನ ವೇಗದಲ್ಲೋ? ನೋಡುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇದಕ್ಕೆ ನಾವು ಕೊಡುವ ಉತ್ತರದ ಮೇಲೆ ಕೆಲವೊಮ್ಮೆ ಒಬ್ಬ ಮನುಷ್ಯನ ಪ್ರಾಣವೇ ನಿಂತಿರುತ್ತದೆ. ಕೂಡಿ ಮಾಡುವ ಪ್ರಯಾಣದಲ್ಲಿ ವೇಗವನ್ನು ಗೊತ್ತುಮಾಡಬೇಕಾದವನು ಕಡೆಯ ಸವಾರ ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಆ ಕಡೆಯ ಸವಾರನ ಹಿಂದೆ ಗುಂಪಿನ ಅತ್ಯಂತ ಬಲಶಾಲಿಯು ಸಾಗಬೇಕು ಎಂದೂ ಹೇಳಬಯಸುತ್ತೇನೆ. ಇದಕ್ಕೆ ಕಾರಣಗಳನ್ನು ವಿಚಾರಿಸೋಣ.

ಮೊದಲು ಈ ನೆಲವನ್ನು ನೋಡೋಣ. ಪಶ್ಚಿಮ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ತಮ್ಮ ಮೇಲೆಯೇ ಸುರಿಸಿಕೊಳ್ಳುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಬಂದ ಗಾಳಿಯಲ್ಲಿ ಉಳಿದಿರುವ ತೇವ ಸ್ವಲ್ಪವೇ. ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದುದರಿಂದಲೇ ಇಲ್ಲಿಯ ಗುಡ್ಡಗಳಲ್ಲಿ ದಟ್ಟವಾದ ನೆರಳಿಲ್ಲ. ಕಮರ, ಬೇವು, ಜಾಲಿ ಮತ್ತು ಮುಳ್ಳಿನ ಪೊದೆಗಳೇ ಹೆಚ್ಚು. ಹೊಳಲ್ಕೆರೆಯ ಸೀಮೆಯಲ್ಲಿ ಅಡಕೆಯ ತೋಟಗಳು, ಹೊಸದುರ್ಗದ ಸೀಮೆಯಲ್ಲಿ ತೆಂಗಿನ ತೋಟಗಳು ಕಣ್ಣಿಗೆ ತಂಪೆರೆಯುತ್ತವೆಯಾದರೂ, ಅವುಗಳನ್ನು ದಾಟಿ ಗುಡ್ಡದ ಕಡೆ ತಿರುಗಿದೊಡನೆ ಬಯಲೇ ಬಯಲು. ಏಪ್ರಿಲ್ ತಿಂಗಳಿನಲ್ಲಿ ಹಗಲಿನ ಉಷ್ಣತೆ ಎಷ್ಟೋ ದಿನ 38 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿರುತ್ತದೆ. ಬಂಡೆಯ ಮೇಲೆ ಅಂಗೈಯಿಟ್ಟರೆ ಕಾದ ಹಂಚನ್ನು ಮುಟ್ಟಿದಂತಾಗುತ್ತದೆ.

ಇನ್ನು ಏರುವ ವಾಹನದ ವಿಚಾರ. 1817ರಲ್ಲಿ ಜರ್ಮನಿಯ ಡ್ರೈಸ್ ಎಂಬಾತನು ಪೆಡಲುಗಳಿಲ್ಲದ, ಕಾಲಿನಿಂದ ನೆಲವನ್ನು ತಳ್ಳಿಕೊಂಡು ಓಡಿಸುವ ಎರಡು ಚಕ್ರದ ಗಾಡಿಯನ್ನು ನಿರ್ಮಿಸಿದನು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಸಮಗಾತ್ರದ ಚಕ್ರಗಳೂ ಚೈನೂ ಉಳ್ಳ ಬೈಸಿಕಲ್ಲನ್ನು ತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರನ್ನು ರೂಢಿಗೆ ತಂದನು. ಗುಡ್ಡಗಾಡಿನ ಬೈಸಿಕಲ್ಲು ಹುಟ್ಟಿದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಗೆಳೆಯರು, ದಪ್ಪ ಟಯರಿನ ಹಳೆಯ ಬೈಸಿಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ಕಡಿದಾದ ಮಣ್ಣುದಾರಿಯಲ್ಲಿ ಕೆಳಗಿಳಿಸುತ್ತಿದ್ದರು. ಇಳಿಯುವಾಗ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. 1976ರಲ್ಲಿ ಆ ಇಳಿಜಾರಿನಲ್ಲಿ ಆರಂಭವಾದ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಇದರಿಂದಲೇ. ಗೆಳೆಯರ ಆ ಹುಡುಗಾಟವು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಕ್ರೀಡೆಗಳಲ್ಲಿ ಸ್ಥಾನ ಪಡೆಯಿತು. ಈಗ ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿಯೂ ದಪ್ಪ ಟಯರಿನ ಗೇರ್ ಸೈಕಲ್ಲುಗಳು ಸಾಲಾಗಿ ನಿಂತಿರುವುದನ್ನು ನೀವು ನೋಡಿರಬಹುದು.

ಗೇರು ಎಂದರೆ ಏನು? ಅನೇಕರು ಅದನ್ನು ವೇಗ ಹೆಚ್ಚಿಸುವ ಯಂತ್ರವೆಂದು ಮಾತ್ರ ತಿಳಿದಿದ್ದಾರೆ. ಏರಿನಲ್ಲಿ ಅದರ ಕೆಲಸ ಬೇರೆ. ಕೆಳಗಿನ ಗೇರಿನಲ್ಲಿ ಪೆಡಲನ್ನು ಹೆಚ್ಚು ಸುತ್ತು ತುಳಿಯಬೇಕು. ಆದರೆ ಪ್ರತಿ ಸುತ್ತಿಗೂ ಬೇಕಾಗುವ ಬಲ ಕಡಿಮೆ. ಬೆಟ್ಟದ ಎತ್ತರವನ್ನು ಗೇರು ತಗ್ಗಿಸುವುದಿಲ್ಲ. ತಾಯಿಯು ಮಗುವಿಗೆ ಮುದ್ದೆಯನ್ನು ಮುರಿದು ಕೊಡುವಂತೆ, ಆ ಎತ್ತರವನ್ನು ಸಣ್ಣ ಸಣ್ಣ ತುತ್ತುಗಳನ್ನಾಗಿ ಮಾಡಿ ಕಾಲಿಗೆ ಬಡಿಸುತ್ತದೆ, ಅಷ್ಟೇ. ನಿಧಾನವಾಗಿ ಸಾಗಲು ಒಪ್ಪಿಕೊಂಡವನಿಗೆ ಮಾತ್ರ ಗೇರಿನ ಪ್ರಯೋಜನ ದೊರೆಯುತ್ತದೆ. ಬೆಟ್ಟವನ್ನು ಏರುವ ಬೈಸಿಕಲ್ಲೇ ನಿಧಾನದ ತತ್ವದ ಮೇಲೆ ನಿಂತಿದೆ ಎಂದಾಯಿತು.

ಯಂತ್ರಕ್ಕಿಂತ ಸೂಕ್ಷ್ಮವಾದುದು ಅದನ್ನು ನಡೆಸುವ ದೇಹ. ನಾವು ಪೆಡಲು ತುಳಿಯುವಾಗ, ಆಹಾರದಿಂದ ದೊರೆತ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈಯಲ್ಲಿ ಸೇರುತ್ತದೆ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯವೆಂದರೆ ಬೆವರು. ಬೆವರು ಆರುವಾಗ ಮೈಯ ಶಾಖವನ್ನು ಜೊತೆಯಲ್ಲಿ ಕೊಂಡೊಯ್ಯುತ್ತದೆ. ಬಿಸಿಲಿನಲ್ಲಿ ಕಷ್ಟಪಟ್ಟು ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೀಗೆ ಹೋಗಬಹುದು. ಅದರೊಡನೆ ಉಪ್ಪಿನ ಅಂಶವೂ ಹೋಗುತ್ತದೆ. ಹೋದುದನ್ನು ತುಂಬಿಕೊಡದಿದ್ದರೆ ಬೆವರುವ ಶಕ್ತಿ ಕುಂದುತ್ತದೆ. 37 ಡಿಗ್ರಿಯ ಸಮೀಪದಲ್ಲಿರಬೇಕಾದ ದೇಹದ ಉಷ್ಣತೆ 40 ಡಿಗ್ರಿಯನ್ನು ಮೀರಿ, ಬುದ್ಧಿ ಮಂಕಾದರೆ ಅದು ಬಿಸಿಲಿನ ಆಘಾತ. ತಕ್ಷಣ ಉಪಚಾರವಾಗದಿದ್ದರೆ ಸಾವೂ ಬರಬಹುದು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕಾಲಿಗೆ ಮುಳ್ಳು ಚುಚ್ಚಿದರೆ ನೋವಾದುದು ಚುಚ್ಚಿಸಿಕೊಂಡವನಿಗೆ ಮೊದಲು ತಿಳಿಯುತ್ತದೆ. ಬಿಸಿಲಿನ ಆಘಾತ ಹಾಗಲ್ಲ. ಅದು ಮೊದಲು ಕಸಿದುಕೊಳ್ಳುವುದು ವಿವೇಕವನ್ನೇ. ಪೀಡಿತನು ತಡವರಿಸುತ್ತಾನೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾನೆ, ಸಿಡುಕುತ್ತಾನೆ. ತನಗೇನೂ ಆಗಿಲ್ಲವೆಂದೇ ಹೇಳುತ್ತಾನೆ. ಅವನ ಸ್ಥಿತಿಯನ್ನು ಗುರುತಿಸಬಲ್ಲವನು ಅವನ ಪಕ್ಕದಲ್ಲಿರುವ ಗೆಳೆಯನೇ ಹೊರತು ಅವನಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ಎಲ್ಲರೂ ಮುಂದೆ ಹೋಗಿಬಿಟ್ಟಿದ್ದರೆ?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. 2022ರ ಏಪ್ರಿಲ್ ತಿಂಗಳಿನಲ್ಲಿ ನಾವು ಆರು ಮಂದಿ ಗೆಳೆಯರು ಚಿತ್ರದುರ್ಗದಿಂದ ಹೊರಟು, ಹೊಳಲ್ಕೆರೆ, ಹೊಸದುರ್ಗ, ವಾಣಿವಿಲಾಸ ಸಾಗರ, ಹಿರಿಯೂರುಗಳನ್ನು ಹಾದು ಮತ್ತೆ ದುರ್ಗಕ್ಕೆ ಬರುವ, ನೂರೈವತ್ತು ಕಿಲೋಮೀಟರಿಗೂ ಮೀರಿದ ಸುತ್ತನ್ನು ಕೈಕೊಂಡೆವು. ಮೊದಲ ದಿನ ಬಯಲು ಗಣಪನೆಂದೇ ಹೆಸರಾದ ಹೊಳಲ್ಕೆರೆಯ ಗಣಪತಿಯನ್ನು ಕಂಡು, ರಾಮಗಿರಿಯ ಬೆಟ್ಟವನ್ನು ನೋಡುತ್ತ, ಸಂಜೆಗೆ ಹೊಸದುರ್ಗ ತಲುಪಿದೆವು. ಎರಡನೆಯ ದಿನ ಡಾಂಬರು ರಸ್ತೆಯನ್ನು ಬಿಟ್ಟು, ಕಣಿವೆಯ ಕಡೆಗಿನ ಗುಡ್ಡಗಳ ಮಣ್ಣುದಾರಿಯನ್ನು ಹಿಡಿದೆವು. ನಮ್ಮಲ್ಲಿ ಇಬ್ಬರು ಗಟ್ಟಿಗರು, ವಯಸ್ಸಿನಲ್ಲಿಯೂ ಕಿರಿಯರು. ಬಲವುಳ್ಳವರೆಂಬ ಕಾರಣದಿಂದಲೇ ಅವರು ಎಲ್ಲರ ಹೊರೆಯನ್ನು ತಾವೇ ಹೊತ್ತಿದ್ದರು. ಹೆಚ್ಚಿನ ನೀರು, ಗಾಳಿ ಹಾಕುವ ಪಂಪು, ಪಂಕ್ಚರ್ ಹಾಕುವ ಸಾಮಾನು, ನಿಂಬೆಹಣ್ಣು, ಬೆಲ್ಲ ಎಲ್ಲವೂ ಅವರ ಚೀಲದಲ್ಲಿದ್ದವು. ಬಲವುಳ್ಳವರೆಂಬ ಅದೇ ಕಾರಣದಿಂದ ಅವರು ಹನ್ನೊಂದು ಗಂಟೆಯ ವೇಳೆಗೆ ದಿಣ್ಣೆಯನ್ನು ದಾಟಿ ಕಣ್ಮರೆಯಾಗಿದ್ದರು.

ಕಡೆಯಲ್ಲಿದ್ದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಗೆಳೆಯರು. ಅವರ ಹಿಂದಿನ ಚಕ್ರಕ್ಕೆ ಜಾಲಿಯ ಮುಳ್ಳು ಚುಚ್ಚಿ ಗಾಳಿ ಹೋಯಿತು. ಪಂಪು ದಿಣ್ಣೆಯ ಆಚೆಗಿತ್ತು. ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಏರತೊಡಗಿದೆವು. ಅವರ ಬಾಟಲಿಯ ನೀರು ಆಗಲೇ ಮುಗಿದಿತ್ತು; ನಮ್ಮದರಲ್ಲಿ ಎರಡೆರಡು ಗುಟುಕು ಉಳಿದಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಅವರ ನಡಿಗೆ ಓಲಾಡತೊಡಗಿತು. ‘ಕುಳಿತುಕೊಳ್ಳೋಣವೇ?’ ಎಂದು ಕೇಳಿದರೆ, ‘ಟಪಾಲು ಇನ್ನೂ ಬಂದಿಲ್ಲ’ ಎಂದರು. ಅದು ತಮಾಷೆಯ ಮಾತಾಗಿರಲಿಲ್ಲ. ಅವರ ತೋಳಿನ ಮೇಲೆ ರೋಮಗಳು ನಿಮಿರಿ ನಿಂತಿದ್ದವು. ಬಲಶಾಲಿಗಳ ಬಳಿ ಇದ್ದ ನೀರು, ಬಾಯಾರಿದವನ ಬಳಿ ಇರಲಿಲ್ಲ.

ಅಲ್ಲಿಗೆ ಸಮೀಪದಲ್ಲಿ ಬೇವಿನ ಮರದ ಕೆಳಗೆ ಕುರಿಗಳ ಮಂದೆಯೊಂದು ಬೀಡುಬಿಟ್ಟಿತ್ತು. ಕುರಿ ಕಾಯುವ ಹಿರಿಯರು ನಮ್ಮನ್ನು ಕಂಡೊಡನೆ ಎದ್ದು ಬಂದರು. ಗೆಳೆಯರನ್ನು ನೆರಳಿಗೆ ಒಯ್ದು ಮಲಗಿಸಿ, ತಮ್ಮ ಕ್ಯಾನಿನ ನೀರನ್ನು ನೆತ್ತಿಗೂ ಕುತ್ತಿಗೆಗೂ ಎದೆಗೂ ಹಾಕಿದರು; ಟವಲಿನಿಂದ ಗಾಳಿ ಬೀಸಿದರು. ಎಚ್ಚರ ತಿಳಿಯಾದ ಮೇಲೆ ಉಪ್ಪು ಬೆರೆತ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ಮುಂದೆ ಇಬ್ರು ಹೋದ್ರಲ್ಲ, ಅವ್ರೂ ನಿಮ್ಮೋರೇನಾ ಸ್ವಾಮಿ?’

‘ಹೌದು ಯಜಮಾನರೇ, ನಮ್ಮವರೇ’ ಎಂದೆ.

‘ಹಂಗಾರೆ ಅವ್ರು ಯಾಕೆ ಹೋದ್ರು? ಕಡೇ ಕುರಿ ಎಲ್ಲೈತೋ ಅಲ್ಲೇ ಅಲ್ವಾ ಮಂದೆ ಇರೋದು?’

ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಮುಂದೆ ಹೋಗಿದ್ದವರೂ ನಮ್ಮನ್ನು ಹುಡುಕಿಕೊಂಡು ಹಿಂದಿರುಗಿದರು. ಹತ್ತಿರದ ಹಳ್ಳಿಯಿಂದ ಲಗೇಜ್ ಆಟೋ ಒಂದನ್ನು ಕರೆಸಿ, ಗೆಳೆಯರನ್ನು ಹಿರಿಯೂರಿನ ವೈದ್ಯರಲ್ಲಿಗೆ ಕರೆದೊಯ್ದೆವು. ಎರಡು ದಿನಗಳ ವಿಶ್ರಾಂತಿಯಿಂದ ಅವರು ಚೇತರಿಸಿಕೊಂಡರು.

ಕುರಿಗಾಹಿಗಳು ನಡೆಯುವ ಕ್ರಮವನ್ನು ನಮ್ಮ ಸೀಮೆಯ ಮಕ್ಕಳು ನೋಡಿಯೇ ಇರುತ್ತಾರೆ. ಮಂದೆಯನ್ನು ಕಾಯುವವನು ಹೆಚ್ಚಾಗಿ ಅದರ ಹಿಂದೆ ನಡೆಯುತ್ತಾನೆ. ಮುಂದಿರುವ ಕುರಿಗಳಿಗೆ ಕಾಲಿನಲ್ಲಿ ಕಸುವಿದೆ. ಅವುಗಳ ಚಿಂತೆ ಅವನಿಗಿಲ್ಲ. ಕುಂಟುವ ಕುರಿ, ಈಯಲಿರುವ ಕುರಿ, ಹಿಂದಿನ ದಿನ ಹುಟ್ಟಿದ ಮರಿ, ಇವೆಲ್ಲ ಇರುವುದು ಹಿಂದೆ. ತೋಳನ ಕಣ್ಣು ಬೀಳುವುದೂ ಹಿಂದುಳಿದುದರ ಮೇಲೆಯೇ. ಆದುದರಿಂದ ಕಣ್ಣೂ ಕೋಲೂ ಅಲ್ಲಿರಬೇಕು. ನಡೆಯಲಾರದ ಮರಿಯನ್ನು ಅವನು ಹೆಗಲ ಮೇಲೆ ಹೊರುತ್ತಾನೆ. ಯಾವ ಪುಸ್ತಕವನ್ನೂ ಓದದೆ, ತಲೆತಲಾಂತರದ ಅನುಭವದಿಂದ ಬಂದ ವಿವೇಕವಿದು.

ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಆರು ಮಂದಿ ಅದೇ ದಾರಿಯನ್ನು ಮತ್ತೆ ಹಿಡಿದೆವು. ಈ ಸಲ ಕ್ರಮ ಬೇರೆಯಾಗಿತ್ತು. ಅಂಚೆಯ ಗೆಳೆಯರು ನಡೆದ ವೇಗವೇ ಎಲ್ಲರ ವೇಗ. ಅವರ ಹಿಂದೆ, ಪಂಪನ್ನೂ ನೀರನ್ನೂ ಹೊತ್ತು, ನಮ್ಮಲ್ಲಿ ಅತ್ಯಂತ ಗಟ್ಟಿಗರಾದವರು ಸಾಗಿದರು. ಮೂರು ದಿನಗಳಲ್ಲಿ ಸುತ್ತು ಮುಗಿಯಿತು. ಒಂದು ದಿನ ಹೆಚ್ಚಾಯಿತೆಂಬುದು ನಿಜ. ಆದರೆ ಆ ಒಂದು ದಿನದಲ್ಲಿ ನಾವು ಕಂಡುದೇನು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಾಣಿವಿಲಾಸ ಸಾಗರದ ಕಟ್ಟೆಯ ಬಳಿ ನಾವು ಅರ್ಧ ದಿನ ಕಳೆದೆವು. ವೇದಾವತಿ ನದಿಯು ಎರಡು ಗುಡ್ಡಗಳ ನಡುವೆ ನುಸುಳುವ ಮಾರಿಕಣಿವೆಯಲ್ಲಿ 1898ರಿಂದ 1907ರ ವರೆಗೆ ಮೈಸೂರು ಸಂಸ್ಥಾನದವರು ಈ ಕಲ್ಲಿನ ಅಣೆಕಟ್ಟನ್ನು ಕಟ್ಟಿಸಿದರು. ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ ಬಂದಿತು. ಇದರ ಪೂರ್ಣ ಮಟ್ಟ 130 ಅಡಿ. ಇದು ಹಿಡಿಯುವ ನೀರು ಸುಮಾರು 30 ಟಿಎಂಸಿ. ಮಳೆ ಅಪರೂಪವಾದ ಸೀಮೆಯಲ್ಲಿ ಇಷ್ಟು ದೊಡ್ಡ ಜಲಾಶಯ ತುಂಬುವುದು ಸುಲಭವೇ? 1933ರಲ್ಲಿ ಅದು ತುಂಬಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ. ಅಷ್ಟು ಕಾಲವೂ ಆ ಕಟ್ಟೆಯು ಬಂದಷ್ಟು ನೀರನ್ನು ಹಿಡಿದುಕೊಂಡು, ಕೆಳಗಿನ ಹೊಲಗದ್ದೆಗಳಿಗೆ ಹಂಚುತ್ತ ನಿಂತಿತ್ತು. ಕಾಯುವುದು ಸೋಮಾರಿಗಳ ಲಕ್ಷಣವಲ್ಲ, ಬಲವುಳ್ಳವರ ಲಕ್ಷಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಹಿರಿಯೂರಿನಿಂದ ದುರ್ಗಕ್ಕೆ ಮರಳುವಾಗ ಮರಡಿಹಳ್ಳಿಯ ಬಂಡೆಗಳನ್ನು ಕಂಡೆವು. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಈ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಭೂಮಿಯ ಒಡಲಿನಿಂದ ಉಕ್ಕಿದ ಕಾದ ಲಾವಾರಸವು ನೀರಿನೊಳಗೆ ಹರಿದು ಒಮ್ಮೆಲೇ ತಣಿದಾಗ ಮಾತ್ರ ಇಂತಹ ಆಕಾರ ಉಂಟಾಗುತ್ತದೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ವಿಜ್ಞಾನಿಗಳು ಹೇಳುತ್ತಾರೆ. ಹಾಗೆಂದರೆ, ಇಂದು ಒಂದು ಬಿಂದಿಗೆ ನೀರಿಗಾಗಿ ಪರಿತಪಿಸುವ ಈ ನೆಲವು ಒಂದು ಕಾಲದಲ್ಲಿ ಕಡಲಿನ ತಳವಾಗಿತ್ತು! ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರು ಹಿರಿಯೂರು ಮತ್ತು ಚಿತ್ರದುರ್ಗಗಳ ನಡುವಿನ ಸುಮಾರು 40 ಕಿಲೋಮೀಟರುಗಳನ್ನು ಅರ್ಧ ಗಂಟೆಯಲ್ಲಿ ದಾಟಿಬಿಡುತ್ತಾರೆ. ಅವರಿಗೆ ಕಾಣುವುದು ಊರುಗಳ ಹೆಸರಿನ ಫಲಕಗಳು ಮಾತ್ರ. ಮುಂದೆ ಧಾವಿಸುವ ಸವಾರನಿಗಾದರೂ ಕಾಣುವುದೇನು? ತನ್ನ ಮುಂದಿನ ಚಕ್ರ. ಕಡೆಯ ಸವಾರನೊಡನೆ ನಿಧಾನವಾಗಿ ಸಾಗಿದವನಿಗೆ ನೆಲವು ತನ್ನ ಚರಿತ್ರೆಯನ್ನು ತಾನೇ ಹೇಳುತ್ತದೆ.

ನಾನು ಹೇಳುವುದನ್ನು ಒಪ್ಪದವರು ಇದ್ದಾರೆ. ‘ಎಲ್ಲರೂ ನಿಧಾನಿಯ ವೇಗದಲ್ಲಿಯೇ ಸಾಗಬೇಕೆಂದರೆ ಬಲಶಾಲಿಯ ಬಲ ಬೆಳೆಯುವುದು ಹೇಗೆ? ಸ್ಪರ್ಧೆಯಿಲ್ಲದೆ ಸಾಧನೆಯುಂಟೆ?’ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಲಾಗದು. ಓಟದ ಪಂದ್ಯದಲ್ಲಿ ಮುಂದಿನವನು ಹಿಂದಿನವನಿಗಾಗಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಪಂದ್ಯಕ್ಕೆ ಗೊತ್ತಾದ ದಾರಿಯುಂಟು, ಅಲ್ಲಲ್ಲಿ ನೀರುಂಟು, ವೈದ್ಯರುಂಟು, ಬಿದ್ದವನನ್ನು ಎತ್ತುವ ಜನರುಂಟು. ಅಲ್ಲಿ ಹಿಂದುಳಿದವನನ್ನು ನೋಡಿಕೊಳ್ಳುವ ಹೊಣೆಯನ್ನು ಪಂದ್ಯ ನಡೆಸುವವರು ಹೊತ್ತಿರುವುದರಿಂದಲೇ ಮುಂದಿನವನು ನಿಶ್ಚಿಂತೆಯಿಂದ ಓಡಬಹುದು. ನಿರ್ಜನವಾದ ಗುಡ್ಡದಲ್ಲಿ ಆ ಹೊಣೆಯನ್ನು ಹೊರುವವರು ಗೆಳೆಯರಲ್ಲದೆ ಬೇರೆ ಯಾರು? ಪಂದ್ಯವೇ ಬೇರೆ, ಪ್ರಯಾಣವೇ ಬೇರೆ. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಅನಾಹುತಗಳು ಆಗುತ್ತವೆ.

ಇನ್ನೊಂದು ನಿದರ್ಶನವನ್ನೂ ಕೊಡಬಹುದು. ಫ್ರಾನ್ಸಿನಿಂದ ಹಬ್ಬಿ ಈಗ ಭಾರತದಲ್ಲಿಯೂ ನಡೆಯುವ ದೀರ್ಘ ಬೈಸಿಕಲ್ ಯಾತ್ರೆಗಳುಂಟು. ಅವುಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳ ಒಳಗೆ ಮುಗಿಸಬೇಕು. ಬೇಗ ಮುಗಿಸಿದವನಿಗೆ ಮೊದಲ ಬಹುಮಾನವಿಲ್ಲ. ಕಡೆಯವನಾಗಿ ಬಂದವನಿಗೆ ಅವಮಾನವಿಲ್ಲ. ಅವಧಿಯೊಳಗೆ ಮುಟ್ಟಿದವರೆಲ್ಲರೂ ಸಮಾನರು. ಅಲ್ಲಿಯೂ ಕಠಿಣ ಸಾಧನೆಯಿದೆ, ಆದರೆ ಅದು ಇನ್ನೊಬ್ಬನನ್ನು ಹಿಂದೆ ಹಾಕುವ ಸಾಧನೆಯಲ್ಲ.

ಬಲಶಾಲಿಯ ಬಲಕ್ಕೆ ಪ್ರಯಾಣದಲ್ಲಿ ಕೆಲಸವಿಲ್ಲವೆಂದು ನಾನು ಹೇಳುತ್ತಿಲ್ಲ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿರಿ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಬೀಸುವ ಗಾಳಿ ಸಾಮಾನ್ಯವಾದುದಲ್ಲ. ಎದುರುಗಾಳಿಯಲ್ಲಿ ಗಟ್ಟಿಗನೊಬ್ಬನು ಮುಂದೆ ನಿಂತು ಗಾಳಿಯನ್ನು ಸೀಳಿದರೆ, ಅವನ ಬೆನ್ನಿಗೆ ಹತ್ತಿಕೊಂಡು ಬರುವವನ ಶ್ರಮ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಅವನು ಹಿಂದಿನವನಿಂದ ದೂರವಾದೊಡನೆ ಆ ಉಪಕಾರ ಇಲ್ಲವಾಗುತ್ತದೆ. ಬಯಲಿನ ಎದುರುಗಾಳಿಯಲ್ಲಿ ಬಲಶಾಲಿ ಮುಂದಿರಲಿ, ಗುಡ್ಡದ ಏರಿನಲ್ಲಿ ಹಿಂದಿರಲಿ. ಎಲ್ಲಿದ್ದರೂ ಅವನ ಬಲ ಇನ್ನೊಬ್ಬನಿಗೆ ಎಟುಕುವಷ್ಟು ಹತ್ತಿರದಲ್ಲಿರಲಿ.

ಕಡೆಯ ಸವಾರನಿಗೂ ಕರ್ತವ್ಯಗಳುಂಟು. ಆಯಾಸವಾದಾಗ ನಾಚಿಕೆಯಿಲ್ಲದೆ ಆಯಾಸವಾಯಿತೆಂದು ಹೇಳುವುದು ಮೊದಲನೆಯದು. ‘ನನ್ನಿಂದ ಎಲ್ಲರಿಗೂ ತೊಂದರೆಯಾಗುತ್ತದೆ’ ಎಂದು ಸಂಕೋಚಪಟ್ಟು ಬಾಯಿ ಮುಚ್ಚಿಕೊಂಡಿರುವವನು ತನಗೂ ಗುಂಪಿಗೂ ಹೆಚ್ಚಿನ ತೊಂದರೆಯನ್ನೇ ತರುತ್ತಾನೆ. ಹೊರಡುವ ಮುನ್ನ ಕೆಲವು ವಾರ ಅಭ್ಯಾಸ ಮಾಡಿ ದೇಹವನ್ನು ಸಿದ್ಧಪಡಿಸಿಕೊಳ್ಳುವುದು ಎರಡನೆಯದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ನೆಲೆಸಿ, 1996ರಲ್ಲಿ ನಿಧನರಾದ ರಾಘವೇಂದ್ರ ಸ್ವಾಮೀಜಿಯವರು ಹಳ್ಳಿಯ ಜನರಿಗೆ ಯೋಗವನ್ನೂ ವ್ಯಾಯಾಮವನ್ನೂ ಕಲಿಸುವುದರಲ್ಲಿ ದೀರ್ಘ ಜೀವನವನ್ನು ಸವೆಸಿದರು. ಆರೋಗ್ಯವಂತವಾದ ಮೈ ಪೈಲ್ವಾನರ ಸ್ವತ್ತಲ್ಲ, ಎಲ್ಲರ ಹಕ್ಕು ಎಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತು. ಕಾಯುವ ಗೆಳೆಯರಿರುವವರು ಕಾಯಿಸುವ ಕಾಲವನ್ನು ಕಡಿಮೆ ಮಾಡಲು ಪ್ರಯತ್ನಿಸುವುದು ಸೌಜನ್ಯ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೀವು ನೋಡಿರಬಹುದು. ಹೈದರಾಲಿಯ ಸೈನಿಕರು ಆ ಕೋಟೆಯನ್ನು ಒಳಹೊಕ್ಕಲು ಯತ್ನಿಸಿದ ಐತಿಹ್ಯವೂ ನಿಮಗೆ ಗೊತ್ತು. ಅವರು ಆರಿಸಿಕೊಂಡದ್ದು ಹೆಬ್ಬಾಗಿಲನ್ನಲ್ಲ, ಬಂಡೆಗಳ ನಡುವಿನ ಒಂದು ಕಿಂಡಿಯನ್ನು. ಆ ಗಳಿಗೆಯಲ್ಲಿ ಏಳು ಸುತ್ತುಗಳ ಬಲವೂ ಆ ಒಂದು ಕಿಂಡಿಯ ಬಲದಷ್ಟೇ ಆಗಿತ್ತು. ಅಲ್ಲಿ ನಿಂತು ಕೋಟೆಯನ್ನು ಕಾದವಳು ಸೈನಿಕರ ಲೆಕ್ಕದಲ್ಲಿ ಸೇರದ, ಕಾವಲುಗಾರನ ಹೆಂಡತಿಯಾದ ಓಬವ್ವ. ಗುಂಪಿನ ಬಲವನ್ನು ಅಳೆಯಬೇಕಾದುದು ಅದರ ಹೆಬ್ಬಾಗಿಲಿನಲ್ಲಲ್ಲ, ಕಿಂಡಿಯಲ್ಲಿ ಎಂಬ ಪಾಠವನ್ನು ನಮ್ಮ ಕೋಟೆಯೇ ಕಲಿಸುತ್ತದೆ.

ಬೈಸಿಕಲ್ಲಿಗೂ ಕಡೆಯವರಿಗೂ ನಮ್ಮ ರಾಜ್ಯದಲ್ಲಿ ಇನ್ನೊಂದು ಬಗೆಯ ಸಂಬಂಧವಿದೆ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ವಿತರಿಸುವ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಮೊದಲು, ಪ್ರೌಢಶಾಲೆ ದೂರವೆಂಬ ಒಂದೇ ಕಾರಣಕ್ಕೆ ಏಳನೆಯ ತರಗತಿಯಲ್ಲಿಯೇ ಓದು ನಿಲ್ಲಿಸಿದ ಎಷ್ಟೋ ಜಾಣ ಹುಡುಗಿಯರನ್ನು ನಾನು ಅಧ್ಯಾಪಕನಾಗಿ ಕಂಡಿದ್ದೇನೆ. ಅವರು ಹಿಂದುಳಿದದ್ದು ಬುದ್ಧಿಯಲ್ಲಲ್ಲ, ದಾರಿಯಲ್ಲಿ. ದಾರಿಯನ್ನು ಹತ್ತಿರ ಮಾಡಿದರೆ ಅವರೂ ಬಂದು ಮುಟ್ಟುತ್ತಾರೆ ಎಂಬುದನ್ನು ಮಣ್ಣುದಾರಿಯಲ್ಲಿ ಸಾಲುಗಟ್ಟಿ ಶಾಲೆಗೆ ಬಂದ ಆ ಬೈಸಿಕಲ್ಲುಗಳು ತೋರಿಸಿದವು. ತರಗತಿಯೂ ಒಂದು ಪ್ರಯಾಣವೇ. ಮೊದಲ ಬೆಂಚಿನವರಿಗೆ ಅರ್ಥವಾಯಿತೆಂದು ಪಾಠ ಮುಂದೆ ಓಡಿದರೆ, ಕಡೆಯ ಬೆಂಚಿನವನು ದಿಣ್ಣೆಯ ಈಚೆಯೇ ಉಳಿಯುತ್ತಾನೆ. ಅವನಿಗೆ ಬೇಕಾದ ನೀರು ದಿಣ್ಣೆಯ ಆಚೆಗಿರುತ್ತದೆ. ಲೆಕ್ಕವೊಂದನ್ನು ಬೇಗ ಬಿಡಿಸಿದ ವಿದ್ಯಾರ್ಥಿಯು ಪಕ್ಕದವನಿಗೆ ಅದನ್ನು ವಿವರಿಸಿದರೆ ಅವನ ಸಮಯ ವ್ಯರ್ಥವಾಗುವುದಿಲ್ಲ. ವಿವರಿಸಿ ಹೇಳಿದ ಪಾಠ ಸುಲಭವಾಗಿ ಮರೆಯುವುದಿಲ್ಲ.

ನಿಮ್ಮಲ್ಲಿ ಅನೇಕರು ಮುಂದೆ ಗೆಳೆಯರೊಡನೆ ಬೈಸಿಕಲ್ಲೇರಿ ಗುಡ್ಡಗಾಡಿಗೆ ಹೊರಡಬಹುದು. ಹೊರಡಬೇಕೆಂಬುದೇ ನನ್ನ ಆಸೆ. ಹಿರಿಯರ ಒಪ್ಪಿಗೆ ಪಡೆದು, ಹೋಗುವ ದಾರಿಯನ್ನು ಮನೆಯಲ್ಲಿ ತಿಳಿಸಿ ಹೋಗಿರಿ. ಜೋಗಿಮಟ್ಟಿಯಂತಹ ಕಾಯ್ದಿಟ್ಟ ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಬೇಸಗೆಯಾದರೆ ನಸುಕಿನಲ್ಲಿ ಹೊರಟು, ಹತ್ತು ಗಂಟೆಗೆ ಮುಂಚೆ ನೆರಳು ಸೇರಿರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಜೊತೆಯಲ್ಲಿಟ್ಟುಕೊಳ್ಳಿರಿ. ಪ್ರತಿಯೊಬ್ಬನ ಬಳಿಯೂ ಅವನವನ ನೀರಿರಲಿ. ಹೆಚ್ಚಿನ ನೀರು ಕಡೆಯಲ್ಲಿರುವ ಬಲಶಾಲಿಯ ಬಳಿ ಇರಲಿ. ಯಾರ ಮಾತಾದರೂ ತಡವರಿಸಿದರೆ, ನಡಿಗೆ ಓಲಾಡಿದರೆ, ಅವನು ಬೇಡವೆಂದರೂ ನಿಲ್ಲಿಸಿರಿ. ನೆರಳಿಗೆ ಒಯ್ದು ಮೈಯನ್ನು ನೀರಿನಿಂದ ತಂಪುಮಾಡಿ, 108ಕ್ಕೆ ಕರೆ ಮಾಡಿರಿ. ತಿರುವು ಬಂದಲ್ಲೆಲ್ಲ ಮುಂದಿನವನು ಹಿಂದಿನವನು ಕಾಣುವ ವರೆಗೆ ಕಾಯಲಿ.

ಕಾದು ನಿಂತವನ ಬಳಿಗೆ ಹಿಂದಿನವನು ಏದುಸಿರು ಬಿಡುತ್ತ ಬಂದು ಮುಟ್ಟಿದಾಗ, ಒಂದು ತಪ್ಪನ್ನು ಮಾಡಬಾರದು. ಅವನು ಬಂದ ಕ್ಷಣವೇ ಮತ್ತೆ ಹೊರಟುಬಿಡಬಾರದು. ಅಷ್ಟು ಹೊತ್ತೂ ವಿಶ್ರಾಂತಿ ಪಡೆದವನು ಕಾದವನು. ಬಂದವನಿಗೆ ವಿಶ್ರಾಂತಿ ಈಗಷ್ಟೇ ಆರಂಭವಾಗಬೇಕು. ಅವನು ನೀರು ಕುಡಿಯಲಿ, ಉಸಿರು ತಿರುಗಲಿ, ಬೆವರು ಆರಲಿ. ಅವನೇ ‘ಹೊರಡೋಣ’ ಎನ್ನಲಿ. ಆ ಮಾತನ್ನು ಅವನ ಬಾಯಿಂದ ಕೇಳುವ ವರೆಗೆ ಕಾಯಬಲ್ಲವರು ಯಾವ ಗುಡ್ಡವನ್ನಾದರೂ ಕೂಡಿ ಏರಬಲ್ಲರು.